ಒಂದೇ ಮೈದಾನ, ಎರಡು ರಗ್ಬಿ: ಜಗಳ ಯಾವುದರದ್ದು?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಸಣ್ಣ ಊರಿನಲ್ಲಿದ್ದೇವೆ. ಹನ್ನೆರಡು ವರ್ಷದ ಮಗ ಚಳಿಗಾಲದಲ್ಲಿ ರಗ್ಬಿ ಯೂನಿಯನ್, ಬೇಸಿಗೆಯಲ್ಲಿ ರಗ್ಬಿ ಲೀಗ್ ಆಡುತ್ತಾನೆ. ಕ್ಲಬ್ ಎರಡು, ಮೈದಾನ ಒಂದೇ. ಜಾಗ ಯೂನಿಯನ್ ಕ್ಲಬ್ಬಿನದು, ಲೀಗ್‌ನವರು ಬಾಡಿಗೆ ಕೊಟ್ಟು ಆಡುತ್ತಾರೆ. ಈ ವರ್ಷ ಜಗಳ ಜೋರಾಗಿದೆ. ‘ಜೂನ್‌ವರೆಗೆ ಮೈದಾನ ಕೊಡಲ್ಲ’ ಅಂತ ಇವರು. ‘ನಿಮ್ಮ ಹಳೇ ಬುದ್ಧಿ ಹೋಗಲಿಲ್ಲ’ ಅಂತ ಅವರು. ‘ನೀವು ಕ್ರಿಕೆಟ್‌ನವರು, ಯಾವ ಕಡೆಗೂ ಸೇರಿದವರಲ್ಲ’ ಎಂದು ನನ್ನನ್ನು ಮಾತುಕತೆಗೆ ಕೂರಿಸಿದ್ದಾರೆ. ಎರಡೂ ರಗ್ಬಿಯೇ ಅಲ್ವಾ? ಇಷ್ಟೊಂದು ಹಗೆ ಯಾಕೆ? ಸಭೆಯಲ್ಲಿ ನಾನು ಏನು ಕೇಳಬೇಕು? ಮಗ ಎರಡರಲ್ಲಿ ಒಂದನ್ನು ಬಿಡಬೇಕಾ?

ಉತ್ತರ: ನಿಮ್ಮನ್ನು ಕೂರಿಸಿದ್ದು ಒಳ್ಳೆಯದೇ ಆಯಿತು. ಉತ್ತರ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರಲ್ಲಿ ಈ ವಿಷಯಕ್ಕೆ ಯಾವ ಕಡೆಗೂ ಸೇರದವರು ಸಿಗುವುದು ಕಷ್ಟ. ಅಜ್ಜ ಯಾವ ರಗ್ಬಿ ನೋಡುತ್ತಿದ್ದರೋ ಮೊಮ್ಮಗನೂ ಸಾಮಾನ್ಯವಾಗಿ ಆ ಕಡೆಯವನೇ.

ನಾನು ಆಟದ ಮೈದಾನಗಳ ನಿರ್ವಹಣೆ ಮಾಡುವವನು. ಹಾಗಾಗಿ ನನ್ನ ಕಣ್ಣು ಮೊದಲು ಹುಲ್ಲಿನ ಕಡೆ ಹೋಗುತ್ತದೆ, ಆಮೇಲೆ ಲೀಸ್ ಪತ್ರದ ಕಡೆ. ಇತಿಹಾಸ ಕೊನೆಗೆ. ಈ ಕ್ರಮ ಬೇಕೆಂದೇ ಇಟ್ಟುಕೊಂಡಿದ್ದೇನೆ. ಇಂಥ ಜಗಳಗಳಲ್ಲಿ ಬಾಯಿಗೆ ಬರುವುದು ನೂರು ವರ್ಷದ ಹಿಂದಿನ ಮಾತು. ನಿಜವಾಗಿ ನೋಯುತ್ತಿರುವುದು ಹುಲ್ಲು, ತಾರೀಖು, ಬಾರ್‌ನ ದುಡ್ಡು. ಯಾರು ಯಜಮಾನ, ಯಾರು ಬಾಡಿಗೆದಾರ ಎನ್ನುವುದು ಅದರ ಬಿಸಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಆದರೂ ಹಳೆಯ ಕತೆ ನಿಮಗೆ ಗೊತ್ತಿರಲಿ. ಸಭೆಯಲ್ಲಿ ಅದು ಬಂದೇ ಬರುತ್ತದೆ.

ಇದು ದಾಯಾದಿಗಳ ಜಗಳ. ಮನೆ ಒಡೆದದ್ದು 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆಯ ಆಟಗಾರರಲ್ಲಿ ಗಣಿಯವರು, ಗಿರಣಿಯವರು ಬಹಳ. ಶನಿವಾರವೂ ಕೆಲಸ ಇರುತ್ತಿತ್ತು. ಪಂದ್ಯಕ್ಕೆ ಹೋದರೆ ಕೂಲಿ ಹೋಯಿತು. ಆ ಕೂಲಿಯಷ್ಟನ್ನಾದರೂ ಕ್ಲಬ್ ತುಂಬಿಕೊಡಲಿ ಎಂದು ಅವರು ಕೇಳಿದರು. ಲಂಡನ್ನಿನಲ್ಲಿ ಕೂತ ರಗ್ಬಿ ಯೂನಿಯನ್ ಸಂಸ್ಥೆ ಒಪ್ಪಲಿಲ್ಲ. 1893ರ ಸಭೆಯಲ್ಲಿ ಆ ಬೇಡಿಕೆ 282ಕ್ಕೆ 136 ಮತಗಳಿಂದ ಬಿದ್ದುಹೋಯಿತು. ದುಡ್ಡಿಗಾಗಿ ಆಡುವುದು ದೊಡ್ಡಮನುಷ್ಯರ ಲಕ್ಷಣವಲ್ಲ ಎಂಬುದು ಅವರ ನಿಲುವು. ಕೂಲಿ ಇಲ್ಲದಿದ್ದರೂ ಊಟಕ್ಕೆ ತೊಂದರೆಯಿಲ್ಲದವರು ಆಡುವ ಮಾತು ಅದು. ಎರಡು ವರ್ಷದ ಮೇಲೆ ಉತ್ತರದ 22 ಕ್ಲಬ್ಬುಗಳು ಹೊರಬಂದು ತಮ್ಮದೇ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಲೀಗ್ ಅಂತ ನಾವು ಈಗ ಕರೆಯುವುದು ಅದನ್ನೇ.

ಮೊದಲ ಹತ್ತು ವರ್ಷ ಎರಡೂ ಕಡೆ ಆಟ ಹೆಚ್ಚುಕಡಿಮೆ ಒಂದೇ ಆಗಿತ್ತು. ಆಮೇಲೆ ಲೀಗ್‌ನವರು ನಿಯಮ ಬದಲಿಸುತ್ತಾ ಹೋದರು. ದುಡ್ಡು ಕೊಟ್ಟು ಬರುವ ಜನಕ್ಕೆ ಓಟ ಬೇಕು, ಗುಂಪಲ್ಲಿ ನೂಕಾಟ ಬೇಡ. 1906ರಲ್ಲಿ ಲೀಗ್ ತಂಡದ 15 ಆಟಗಾರರು 13 ಆದರು.

ನಿಜವಾದ ಕಹಿ ಒಡಕಿನಿಂದ ಬಂದದ್ದಕ್ಕಿಂತ ನಂತರದ ಬಹಿಷ್ಕಾರದಿಂದ ಬಂದದ್ದೇ ಜಾಸ್ತಿ. ಲೀಗ್ ಕಡೆ ಹೋದವನಿಗೆ ಯೂನಿಯನ್‌ನಲ್ಲಿ ಮತ್ತೆ ಜಾಗವಿಲ್ಲ. 1993ರಲ್ಲಿ ಕೂಡ ವಾಸ್ಪ್ಸ್ ಕ್ಲಬ್ಬಿನ ಸ್ಟೀವ್ ಪಿಲ್ಗ್ರಿಮ್ ಎಂಬ ಆಟಗಾರ ಲೀಡ್ಸ್‌ನ ಲೀಗ್ ಕ್ಲಬ್ಬಿಗೆ ಒಂದು ಟ್ರಯಲ್ ಆಡಿದ್ದಕ್ಕೆ ಒಂದು ವರ್ಷ ಹೊರಗೆ ಕೂರಬೇಕಾಯಿತು. ಮುಂದಿನ ವರ್ಷ ವೇಕ್‌ಫೀಲ್ಡ್‌ನ ಸಂಸದ ಡೇವಿಡ್ ಹಿಂಚ್‌ಲಿಫ್ ಈ ತಾರತಮ್ಯ ನಿಲ್ಲಿಸಲು ಪಾರ್ಲಿಮೆಂಟಿನಲ್ಲಿ ಖಾಸಗಿ ಮಸೂದೆಯನ್ನೇ ತಂದರು. ನಿಮ್ಮ ಸಭೆಯಲ್ಲಿ ಲೀಗ್ ಕಡೆಯಿಂದ ಕೂರುವ ಅರವತ್ತು ದಾಟಿದವರು ಇದನ್ನೆಲ್ಲ ಪುಸ್ತಕದಲ್ಲಿ ಓದಿಲ್ಲ. ಅನುಭವಿಸಿದ್ದಾರೆ.

ಯುದ್ಧ ಬಂದಾಗ ಮಾತ್ರ ಈ ಮಡಿ ಸಡಿಲವಾಗಿತ್ತು. 1943ರ ಜನವರಿಯಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಸೇನೆಯ ಲೀಗ್ ಆಟಗಾರರೂ ಯೂನಿಯನ್ ಆಟಗಾರರೂ ಎದುರುಬದುರಾದರು. ನಿಯಮ ಯೂನಿಯನ್‌ನದು. ಗೆದ್ದದ್ದು ಲೀಗ್, 18–11. ಮುಂದಿನ ವರ್ಷ ಬ್ರಾಡ್‌ಫರ್ಡ್‌ನಲ್ಲೂ ಅದೇ ಕತೆ, 15–10. ಲೀಗ್‌ನವರು ಇದನ್ನು ಇವತ್ತಿಗೂ ಮರೆತಿಲ್ಲ. ಸಭೆಯಲ್ಲಿ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

1995ರ ಆಗಸ್ಟ್‌ನಲ್ಲಿ, ಒಡಕಿಗೆ ನೂರು ವರ್ಷ ತುಂಬುವ ಹೊತ್ತಿಗೆ, ಯೂನಿಯನ್ ಕೂಡ ಆಟಗಾರರಿಗೆ ಸಂಬಳ ಕೊಡಬಹುದು ಎಂದು ಒಪ್ಪಿತು. ಮರುವರ್ಷ ಮೇ ತಿಂಗಳಲ್ಲಿ ಲೀಗ್‌ನ ವಿಗನ್, ಯೂನಿಯನ್‌ನ ಬಾತ್ ಎರಡು ಪಂದ್ಯ ಆಡಿದವು. ಲೀಗ್ ನಿಯಮದಲ್ಲಿ ವಿಗನ್ 82–6. ಯೂನಿಯನ್ ನಿಯಮದಲ್ಲಿ ಬಾತ್ 44–19. ಅವರವರ ಮನೆಯಲ್ಲಿ ಅವರವರೇ ದೊಡ್ಡವರು. ಬಹಿಷ್ಕಾರಕ್ಕೆ ಇದ್ದ ಕಾರಣ ಅಲ್ಲಿಗೆ ಮುಗಿಯಿತು. ಮೈದಾನ ಹಂಚಿಕೊಳ್ಳುವ ಕಾಲ ಶುರುವಾದದ್ದೂ ಆಗಲೇ.

ಈಗ ಹುಲ್ಲಿಗೆ ಬರೋಣ.

ಅದೇ 1996ರಲ್ಲಿ ವೃತ್ತಿಪರ ಲೀಗ್ ಚಳಿಗಾಲ ಬಿಟ್ಟು ಬೇಸಿಗೆಗೆ ಬಂತು. ಫೆಬ್ರವರಿ ಹೊತ್ತಿಗೆ ಶುರು, ಅಕ್ಟೋಬರ್‌ನಲ್ಲಿ ಮುಕ್ತಾಯ. ಹವ್ಯಾಸಿ ಲೀಗ್‌ನ ದೊಡ್ಡ ಸ್ಪರ್ಧೆಗಳೂ 2012ರ ಹೊತ್ತಿಗೆ ಬೇಸಿಗೆಗೆ ಬಂದವು. ಯೂನಿಯನ್ ಸೆಪ್ಟೆಂಬರ್‌ನಿಂದ ವಸಂತದವರೆಗೆ. ಕಾಗದದ ಮೇಲೆ ಎಷ್ಟು ಚೆಂದ ನೋಡಿ. ನೀನು ಚಳಿಗಾಲಕ್ಕೆ, ನಾನು ಬೇಸಿಗೆಗೆ. ಖಾಲಿ ಬಿದ್ದಿರುವ ಮೈದಾನದಿಂದ ನಾಲ್ಕು ಕಾಸು ಬಾಡಿಗೆಯೂ ಬರುತ್ತದೆ. ಎಷ್ಟೋ ಊರುಗಳಲ್ಲಿ ಕಮಿಟಿಗಳು ಹಿಂದೆಮುಂದೆ ನೋಡದೆ ಒಪ್ಪಿಕೊಂಡದ್ದು ಈ ಲೆಕ್ಕದ ಮೇಲೆ.

ಆದರೆ ಮೈದಾನ ಖಾಲಿ ಬಿದ್ದಿದೆ ಅನ್ನುವುದು ನೋಡುವವರ ಕಣ್ಣಿಗೆ. ಗ್ರೌಂಡ್ಸ್‌ಮನ್‌ಗೆ ವರ್ಷದ ಅತಿ ಮುಖ್ಯ ಕೆಲಸ ನಡೆಯುವುದು ಆಗಲೇ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಮಣ್ಣು ಬೆಚ್ಚಗಾಗುತ್ತದೆ. ಸತ್ತ ಹುಲ್ಲನ್ನು ಕೆರೆದು ತೆಗೆಯಬೇಕು. ಗಟ್ಟಿಯಾದ ಮಣ್ಣಿಗೆ ತೂತು ಹೊಡೆದು ಗಾಳಿ ಆಡಿಸಬೇಕು. ತಗ್ಗುಗಳಿಗೆ ಮರಳು ತುಂಬಿಸಿ ಹೊಸದಾಗಿ ರೈ ಹುಲ್ಲಿನ ಬೀಜ ಹಾಕಬೇಕು. ಮೊಳಕೆ ಒಂದೆರಡು ವಾರದಲ್ಲೇ ಬರುತ್ತದೆ, ಹಸಿರು ಕಾಣಿಸುತ್ತದೆ. ಜನ ಮೋಸ ಹೋಗುವುದು ಅಲ್ಲೇ. ಹಸಿರು ಕಂಡ ಕೂಡಲೇ ‘ಸರಿಯಾಯ್ತಲ್ಲ, ಆಡೋಣ’ ಅನ್ನುತ್ತಾರೆ. ಬೇರು ಇಳಿದಿರುವುದಿಲ್ಲ. ಬೂಟಿನ ಒಂದು ತಿರುವಿಗೆ ಹುಲ್ಲು ಬುಡಸಮೇತ ಎದ್ದು ಬರುತ್ತದೆ. ಆಟ ತಡೆದುಕೊಳ್ಳುವ ಹುಲ್ಲಾಗಲು ಎರಡು ತಿಂಗಳಾದರೂ ಬೇಕು. ನಿಮ್ಮ ಯೂನಿಯನ್ ಕಮಿಟಿ ‘ಜೂನ್‌ವರೆಗೆ ಕೊಡಲ್ಲ’ ಅನ್ನುತ್ತಿರುವುದು ಬಹುಶಃ ಇದಕ್ಕೇ. ಅದನ್ನು ಬಿಡಿಸಿ ಹೇಳುವ ಬದಲು ಮೂರು ಪದದ ನೋಟಿಸ್ ಹಾಕಿದ್ದಾರೆ. ಎದುರಿನವರು ಅದರಲ್ಲಿ 1895 ಓದಿಕೊಂಡಿದ್ದಾರೆ.

ಎರಡು ಆಟಗಳು ಮೈದಾನವನ್ನು ಕೆಡಿಸುವ ರೀತಿಯೂ ಬೇರೆ. ಯೂನಿಯನ್‌ನಲ್ಲಿ ಸ್ಕ್ರಮ್ ಇದೆ. ಎರಡೂ ಕಡೆಯಿಂದ ಎಂಟೆಂಟು ಜನ ತಲೆ ಕೊಟ್ಟು ನೂಕುತ್ತಾರೆ. ವೃತ್ತಿಪರ ಮಟ್ಟದಲ್ಲಿ ಒಂದು ಕಡೆಯವರ ತೂಕವೇ 900 ಕಿಲೋ ಹತ್ತಿರ ಬರುತ್ತದೆ. ಒದ್ದೆ ಮಣ್ಣಿನ ಮೇಲೆ ಇದು ನಡೆದರೆ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದುಬಿಡುತ್ತದೆ. ಲೀಗ್‌ನಲ್ಲಿ ಸ್ಕ್ರಮ್ ಹೆಸರಿಗಷ್ಟೇ, ನೂಕಾಟ ಇಲ್ಲ. ಅಲ್ಲಿ ಸವೆಯುವುದು ನಡುವಿನ ಪಟ್ಟಿ. ಪ್ರತಿ ಟ್ಯಾಕಲ್ (ಚೆಂಡು ಹಿಡಿದವನನ್ನು ತಡೆದು ಕೆಡವುವುದು) ಆದ ಮೇಲೂ ಎದುರಿನ ತಂಡ 10 ಮೀಟರ್ ಹಿಂದಕ್ಕೆ ಓಡಿ, ಮತ್ತೆ ಮುಂದಕ್ಕೆ ನುಗ್ಗಬೇಕು. ಬೇಸಿಗೆಯ ಒಣ ನೆಲದಲ್ಲಿ ಅದು ಮಣ್ಣನ್ನು ತುಳಿದು ತುಳಿದು ಗಟ್ಟಿ ಮಾಡುತ್ತದೆ. ಸೆಪ್ಟೆಂಬರ್‌ನಲ್ಲಿ ಯೂನಿಯನ್‌ನವರು ಬಂದಾಗ ಮಳೆ ನೀರು ಇಂಗುವುದಿಲ್ಲ. ‘ನಿಮ್ಮಿಂದ ಮೈದಾನ ಹಾಳಾಯ್ತು’ ಎಂದು ಇಬ್ಬರೂ ಹೇಳುತ್ತಾರೆ. ತಮಾಷೆಯೆಂದರೆ ಇಬ್ಬರೂ ಹೇಳುವುದು ನಿಜ.

ಗೆರೆಗಳ ಜಗಳ ಇನ್ನೊಂದು. ಲೀಗ್‌ಗೆ ಹತ್ತು ಹತ್ತು ಮೀಟರಿಗೆ ಗೆರೆ ಬೇಕು. ಯೂನಿಯನ್‌ಗೆ 22 ಮೀಟರ್ ಗೆರೆ ಬೇಕು, ಬದಿಯಿಂದ 5, 15 ಮೀಟರಿಗೆ ಚುಕ್ಕಿ ಗೆರೆ ಬೇಕು. ಋತುಗಳು ಒಂದರ ಮೇಲೊಂದು ಬರುವ ತಿಂಗಳುಗಳಲ್ಲಿ ಒಂದರ ಗೆರೆ ಮಾಸುವ ಮೊದಲೇ ಇನ್ನೊಂದು ಬೀಳುತ್ತದೆ. ನೋಡಿದರೆ ಮಕ್ಕಳ ಗಣಿತದ ಪುಸ್ತಕ. ಗೋಲ್ ಕಂಬಗಳ ಅಡ್ಡಪಟ್ಟಿ ಮಾತ್ರ ಎರಡಕ್ಕೂ 3 ಮೀಟರ್ ಎತ್ತರದಲ್ಲೇ. ಅಷ್ಟಾದರೂ ಒಮ್ಮತ ಉಳಿದಿದೆ.

ಈ ಹಿನ್ನೆಲೆ ಇಟ್ಟುಕೊಂಡು ದೊಡ್ಡ ಕ್ಲಬ್ಬುಗಳು ಹೇಗೆ ಹಂಚಿಕೊಂಡವು ನೋಡಿ. ನಿಮಗೆ ಹತ್ತಿರದ್ದು ಹೆಡಿಂಗ್ಲಿ. ನಮಗೆಲ್ಲ ಅದು ಕ್ರಿಕೆಟ್ ಮೈದಾನ. 2002ರಲ್ಲಿ ದ್ರಾವಿಡ್ 148 ಹೊಡೆದ, 2025ರ ಜೂನ್‌ನಲ್ಲಿ ಕೆ. ಎಲ್. ರಾಹುಲ್ 137 ಹೊಡೆದ ಜಾಗ. ಟಿವಿಯಲ್ಲಿ ಒಂದು ತುದಿಗೆ ಕಾಣುವ ಆ ಎತ್ತರದ ಸ್ಟ್ಯಾಂಡ್‌ಗೆ ಎರಡು ಮುಖ. ಈ ಕಡೆ ಕೂತವರು ಕ್ರಿಕೆಟ್ ನೋಡುತ್ತಾರೆ. ಆ ಕಡೆ ಕೂತವರು ರಗ್ಬಿ ನೋಡುತ್ತಾರೆ. ಆ ತುದಿಯನ್ನು ಬಹಳ ಕಾಲ ಫುಟ್‌ಬಾಲ್ ಸ್ಟ್ಯಾಂಡ್ ಎಂಡ್ ಎಂದೇ ಕರೆಯುತ್ತಿದ್ದರು. ಆ ‘ಫುಟ್‌ಬಾಲ್’ ಎಂದರೆ ರಗ್ಬಿ. 1890ರಿಂದ ಕ್ರಿಕೆಟ್, ರಗ್ಬಿ ಎರಡೂ ಅಲ್ಲಿ ಪಕ್ಕಪಕ್ಕದಲ್ಲೇ ಇವೆ. ಸ್ಟ್ಯಾಂಡ್ ಕಟ್ಟುವ ಖರ್ಚು ಯಾರದ್ದು ಎಂಬ ತಕರಾರು ಬಂದದ್ದುಂಟು. ಆದರೂ ಬಾಳುವೆ ನಡೆದಿದೆ. ಅವು ಹಂಚಿಕೊಂಡಿರುವುದು ಗೋಡೆಯನ್ನು, ಹುಲ್ಲನ್ನಲ್ಲ.

ಹುಲ್ಲು ಹಂಚಿಕೊಂಡ ಕತೆ ಗೋಡೆಯ ಆ ಕಡೆಯದ್ದು. ಲೀಡ್ಸ್‌ನ ಲೀಗ್ ಕ್ಲಬ್ 1895ರಲ್ಲಿ ಹೊರಬಂದ ಆ 22 ಕ್ಲಬ್ಬುಗಳಲ್ಲಿ ಒಂದು. ಈಗಿನ ಹೆಸರು ಲೀಡ್ಸ್ ರೈನೋಸ್. 1990ರ ದಶಕದ ಕೊನೆಗೆ ಅದರ ಮಾಲೀಕರೇ ನಗರದ ಯೂನಿಯನ್ ಕ್ಲಬ್ಬನ್ನೂ ಒಂದೇ ಕಂಪನಿಯ ಕೆಳಗೆ ತಂದು ಹೆಡಿಂಗ್ಲಿಯಲ್ಲಿ ಕೂರಿಸಿದರು. ಆ ಯೂನಿಯನ್ ಕ್ಲಬ್ ತಾನೇ 1991ರಲ್ಲಿ ಹೆಡಿಂಗ್ಲಿ, ರೌಂಡ್‌ಹೇ ಎಂಬ ಎರಡು ಹಳೆ ಕ್ಲಬ್ಬುಗಳು ಸೇರಿ ಆದದ್ದು. ಲೀಡ್ಸ್ ಟೈಕ್ಸ್ ಅಂತ ಹೆಸರಾಯಿತು. 2001ರಲ್ಲಿ ಮೇಲಿನ ದರ್ಜೆಗೆ ಏರಿತು. 2004ರಲ್ಲಿ ರೈನೋಸ್ 32 ವರ್ಷಗಳ ನಂತರ ಲೀಗ್ ಚಾಂಪಿಯನ್ ಆಯಿತು. ಮರುವರ್ಷ ಏಪ್ರಿಲ್‌ನಲ್ಲಿ ಟೈಕ್ಸ್ ಲಂಡನ್ನಿನ ಟ್ವಿಕನಮ್ ಮೈದಾನದಲ್ಲಿ ಬಾತ್ ಅನ್ನು 20–12ರಿಂದ ಸೋಲಿಸಿ ಕಪ್ ತಂದಿತು. ಒಂದೇ ಮೈದಾನ, ಒಂದೇ ಆಫೀಸು, ಎರಡು ಆಟದ ಎರಡು ಟ್ರೋಫಿ. ಇದಕ್ಕಿಂತ ಇನ್ನೇನು ಬೇಕು?

ಆದರೆ ಸ್ಟ್ಯಾಂಡ್ ನೋಡಿದರೆ ಬೇರೆಯೇ ಚಿತ್ರ. ಲೀಗ್‌ಗೆ ಹದಿನೈದು ಸಾವಿರದ ಹತ್ತಿರ ಜನ ಸೇರುತ್ತಿದ್ದ ಜಾಗದಲ್ಲಿ ಯೂನಿಯನ್‌ಗೆ ಅದರ ಸಣ್ಣ ಪಾಲು. ‘ನಮ್ಮ ಟಿಕೆಟ್ ದುಡ್ಡಲ್ಲಿ ಅವರನ್ನು ಸಾಕುತ್ತಿದ್ದಾರೆ’ ಎಂದು ಲೀಗ್ ಅಭಿಮಾನಿಗಳು. ‘ನಮ್ಮನ್ನು ಮಲತಾಯಿ ಮಕ್ಕಳ ಹಾಗೆ ನೋಡುತ್ತಾರೆ’ ಎಂದು ಯೂನಿಯನ್ ಅಭಿಮಾನಿಗಳು. ಟೈಕ್ಸ್ 2006ರಲ್ಲಿ ಕೆಳಗೆ ಬಿತ್ತು, ಎದ್ದಿತು, ಮತ್ತೆ ಬಿತ್ತು, ಮತ್ತೆ ಎದ್ದಿತು. 2011ರಲ್ಲಿ ಬಿದ್ದದ್ದು ಏಳಲೇ ಇಲ್ಲ. ನಡುವೆ ಹೆಸರು ಲೀಡ್ಸ್ ಕಾರ್ನೆಗಿ ಆಯಿತು, ಯಾರ್ಕ್‌ಶೈರ್ ಕಾರ್ನೆಗಿ ಆಯಿತು, 2020ರಲ್ಲಿ ಮತ್ತೆ ಟೈಕ್ಸ್ ಆಯಿತು. ಈಗ ಊರಾಚೆ ಬ್ರಾಮ್‌ಹೋಪ್‌ನಲ್ಲಿ ಸಣ್ಣ ಮೈದಾನದಲ್ಲಿ ಆಡುತ್ತದೆ. ಇದು ಲೀಗ್‌ನವರ ಕುತಂತ್ರ ಎಂದು ನಾನು ಒಪ್ಪುವುದಿಲ್ಲ. ಎರಡು ಹಳೆ ಕ್ಲಬ್ಬುಗಳು ತಮ್ಮ ತಮ್ಮ ಮೈದಾನ ಬಿಟ್ಟು ಬಂದಾಗಲೇ ಅರ್ಧ ಬೇರು ಕಿತ್ತುಹೋಗಿತ್ತು. ದೊಡ್ಡ ಮನೆಯಲ್ಲಿ ಜಾಗ ಸಿಕ್ಕಿತು, ಆ ಮನೆ ಅವರದ್ದು ಅಂತ ಜನಕ್ಕೆ ಅನಿಸಲಿಲ್ಲ.

ಲಂಡನ್ನಿನಲ್ಲಿ ಇದರದ್ದೇ ತಿರುವುಮುರುವು. ಅಲ್ಲಿ ಯಜಮಾನ ಯೂನಿಯನ್. ಹಾರ್ಲೆಕ್ವಿನ್ಸ್ ಕ್ಲಬ್ಬಿನ ಸ್ಟೂಪ್ ಮೈದಾನಕ್ಕೆ 2006ರಲ್ಲಿ ಲೀಗ್‌ನ ಲಂಡನ್ ಬ್ರಾಂಕೋಸ್ ಬಂತು. ಬರುವಾಗ ತನ್ನ ಹೆಸರನ್ನೇ ಬಿಟ್ಟು ‘ಹಾರ್ಲೆಕ್ವಿನ್ಸ್ ಆರ್‌ಎಲ್’ (ಆರ್‌ಎಲ್ ಎಂದರೆ ರಗ್ಬಿ ಲೀಗ್) ಆಯಿತು. ಯಜಮಾನನ ನಾಲ್ಕು ಬಣ್ಣದ ಚೌಕದ ಜೆರ್ಸಿಯನ್ನೂ ಹಾಕಿಕೊಂಡಿತು. ಯೂನಿಯನ್‌ನ ಜನ ಲೀಗ್ ನೋಡಲೂ ಬರುತ್ತಾರೆ ಎಂಬುದು ಲೆಕ್ಕಾಚಾರ. ಅವರು ಅಷ್ಟಾಗಿ ಬರಲಿಲ್ಲ. ಬ್ರಾಂಕೋಸ್‌ನ ಹಳೆಯ ಅಭಿಮಾನಿಗಳಿಗೆ ಮಾತ್ರ ತಮ್ಮ ತಂಡ ಇನ್ನೊಬ್ಬರ ಬಟ್ಟೆ ಉಟ್ಟು ನಿಂತಿದ್ದು ಸಹಿಸಲಾಗಲಿಲ್ಲ. 2012ಕ್ಕೆ ಹಳೆ ಹೆಸರು ವಾಪಸ್ ಬಂತು. 2014ಕ್ಕೆ ಅವರು ಸ್ಟೂಪ್ ಬಿಟ್ಟೇ ಹೋದರು. ಹುಲ್ಲು ಹಂಚಿಕೊಳ್ಳಬಹುದು, ಹೆಸರು ಹಂಚಿಕೊಳ್ಳಬಾರದು ಎಂದು ನಾನು ಎಲ್ಲರಿಗೂ ಹೇಳುವುದು ಈ ಪ್ರಕರಣ ನೋಡಿದ ಮೇಲೆ.

ಸ್ಯಾಲ್‌ಫರ್ಡ್‌ನದ್ದು ಬೇರೆ ತರಹ. ಅಲ್ಲಿ 2012ರಲ್ಲಿ ಹೊಸ ಸ್ಟೇಡಿಯಂ ಶುರುವಾದಾಗ ಲೀಗ್‌ನ ಸ್ಯಾಲ್‌ಫರ್ಡ್, ಯೂನಿಯನ್‌ನ ಸೇಲ್ ಶಾರ್ಕ್ಸ್ ಇಬ್ಬರೂ ಬಾಡಿಗೆದಾರರು. ಕಟ್ಟಡ ಆಗ ನಗರಸಭೆ ಮತ್ತು ಒಂದು ದೊಡ್ಡ ರಿಯಲ್ ಎಸ್ಟೇಟ್ ಕಂಪನಿಯ ಜಂಟಿ ಆಸ್ತಿಯಾಗಿತ್ತು. ಸ್ಯಾಲ್‌ಫರ್ಡ್‌ನವರು ನೂರಕ್ಕೂ ಹೆಚ್ಚು ವರ್ಷ ಆಡಿದ ವಿಲೋಸ್ ಮೈದಾನ ಬಿಟ್ಟು ಬಂದವರು. ಸೇಲ್‌ನವರು ಅದಕ್ಕೂ ಮೊದಲು ಸ್ಟಾಕ್‌ಪೋರ್ಟ್‌ನಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಜತೆ ಹಂಚಿಕೊಂಡಿದ್ದವರು. ಇಬ್ಬರ ಗೊಣಗಾಟವೂ ಒಂದೇ: ಹೆದ್ದಾರಿ ಪಕ್ಕದಲ್ಲಿದೆ, ದೂರ, ಕುರ್ಚಿಗಳು ಖಾಲಿ, ನಮ್ಮ ಮನೆ ಅನಿಸಲ್ಲ. ಬೈಯಲು ಮೂರನೆಯವನೊಬ್ಬ ಇದ್ದರೆ ಬಾಡಿಗೆದಾರರ ನಡುವಿನ ಸಿಟ್ಟು ಅಷ್ಟಕ್ಕಷ್ಟೇ.

ಆಸ್ಟ್ರೇಲಿಯಾದಲ್ಲೂ ಇದೇ ಕಾಣುತ್ತದೆ. ಕ್ಯಾನ್‌ಬೆರಾದಲ್ಲಿ ಲೀಗ್‌ನ ರೈಡರ್ಸ್ 1990ರಿಂದ, ಯೂನಿಯನ್‌ನ ಬ್ರಂಬೀಸ್ 1996ರಿಂದ ಒಂದೇ ಸ್ಟೇಡಿಯಂ ಬಳಸುತ್ತಿವೆ. ಅಲ್ಲಿ ಋತುವೂ ಹೆಚ್ಚುಕಡಿಮೆ ಒಂದೇ, ಹುಲ್ಲಿಗೆ ಇನ್ನೂ ಕಷ್ಟ. ಆದರೆ ಕೀಲಿಕೈ ಸರ್ಕಾರದ ಕೈಯಲ್ಲಿ. ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್ ಲೀಗ್‌ನವರ ಪಾಲಿಗೆ ದೇವಸ್ಥಾನದಂಥ ಜಾಗ. ಯೂನಿಯನ್‌ನ ಕ್ವೀನ್ಸ್‌ಲ್ಯಾಂಡ್ ರೆಡ್ಸ್ ತನ್ನ ಹಳೆ ಮೈದಾನ ಬ್ಯಾಲಿಮೋರ್ ಬಿಟ್ಟು ಅಲ್ಲಿಗೆ ಹೋಯಿತು. ಹಳಬರಿಗೆ ಬ್ಯಾಲಿಮೋರ್ ನೆನಪು ಹೋಗಿಲ್ಲ. ಅದು ಕೊರಗು, ಜಗಳ ಅಲ್ಲ.

ಇತಿಹಾಸವೇ ಎಲ್ಲಕ್ಕೂ ಕಾರಣ ಅನ್ನುವವರಿಗೆ ನಾನು ಫ್ರಾನ್ಸ್‌ನ ಟುಲೂಸ್ ತೋರಿಸುತ್ತೇನೆ. ಲೀಗ್‌ಗೆ ಅಲ್ಲಿ ಆದ ಅನ್ಯಾಯದ ಮುಂದೆ ಇಂಗ್ಲೆಂಡಿನದ್ದು ಏನೂ ಅಲ್ಲ. 1934ರಲ್ಲಿ ಫ್ರಾನ್ಸ್‌ಗೆ ಬಂದ ಲೀಗ್ ಕೆಲವೇ ವರ್ಷದಲ್ಲಿ ಯೂನಿಯನ್‌ಗೆ ನಡುಕ ಹುಟ್ಟಿಸಿತ್ತು. ಜರ್ಮನಿಗೆ ಸೋತ ಮೇಲೆ ಬಂದ ವಿಶಿ ಸರ್ಕಾರ 1941ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿ ಲೀಗ್ ಸಂಸ್ಥೆಯನ್ನೇ ವಿಸರ್ಜಿಸಿತು, ಆಸ್ತಿ ಕಿತ್ತುಕೊಂಡಿತು. ಯುದ್ಧ ಮುಗಿದು ಆಟ ಮತ್ತೆ ಶುರುವಾದರೂ ‘ರಗ್ಬಿ’ ಎಂಬ ಹೆಸರು ಬಳಸುವಂತಿರಲಿಲ್ಲ. 1990ರ ದಶಕದವರೆಗೂ ಅದು ಅಧಿಕೃತವಾಗಿ ಬರೀ ‘ಹದಿಮೂರರ ಆಟ’. ಅಂಥ ದೇಶದಲ್ಲಿ ಇವತ್ತು ಲೀಗ್‌ನ ಟುಲೂಸ್ ಒಲಿಂಪೀಕ್ ಆಡುತ್ತಿರುವುದು ಯೂನಿಯನ್‌ನ ಸ್ಟಾಡ್ ಟುಲೂಸೆನ್ ಕ್ಲಬ್ಬಿನ ಅರ್ನೆಸ್ಟ್ ವಾಲೋನ್ ಮೈದಾನದಲ್ಲಿ. ಹೇಗೆ ಸಾಧ್ಯವಾಯಿತು? ನನ್ನ ಅಂದಾಜು ಇದು. ಆರು ಸಲ ಯುರೋಪಿನ ಕಪ್ ಗೆದ್ದ ಯೂನಿಯನ್ ಕ್ಲಬ್ಬಿಗೆ ಪಕ್ಕದ ಲೀಗ್ ಕ್ಲಬ್ಬಿನಿಂದ ಯಾವ ಭಯವೂ ಇಲ್ಲ. ತನ್ನ ಹುಡುಗರು, ತನ್ನ ಜನ, ತನ್ನ ದುಡ್ಡು ಎಲ್ಲಿ ಹೋಗಿಬಿಡುತ್ತದೋ ಎಂಬ ಅಂಜಿಕೆ ಇರುವ ಕಡೆ ಮಾತ್ರ ಹಳೆ ಕತೆಗೆ ಜೀವ ಬರುತ್ತದೆ.

ಅದೇ ಅಂಜಿಕೆ ನಿಮ್ಮೂರಲ್ಲೂ ಇದೆ ಅನ್ನಿಸುತ್ತದೆ. ಸಣ್ಣ ಯೂನಿಯನ್ ಕ್ಲಬ್ಬಿಗೆ ಹದಿನೈದು ಜನ ಹೊಂದಿಸುವುದೇ ಕಷ್ಟ. ಬೇಸಿಗೆಯಲ್ಲಿ ಲೀಗ್ ಆಡಲು ಹೋದ ಹುಡುಗ ಸೆಪ್ಟೆಂಬರ್‌ನಲ್ಲಿ ವಾಪಸ್ ಬರದಿದ್ದರೆ ಒಂದು ತಂಡವೇ ಕಡಿಮೆಯಾಗಬಹುದು. ಲೀಗ್‌ನವರಿಗೆ ಇದರ ಉಲ್ಟಾ. ಸ್ವಂತ ಜಾಗ ಇಲ್ಲ, ಯಾವಾಗ ಬೇಕಾದರೂ ಹೊರಗೆ ಹಾಕಬಹುದು.

ಹಾಗಾಗಿ ಸಭೆಯಲ್ಲಿ ಮೊದಲು ಕಾಗದ ಕೇಳಿ. ಜಾಗ ಯಾರ ಹೆಸರಿನಲ್ಲಿದೆ? ಕ್ಲಬ್ಬಿನದಾ, ಟ್ರಸ್ಟಿಗಳದ್ದಾ, ನಗರಸಭೆಯಿಂದ ಲೀಸ್‌ಗೆ ಬಂದದ್ದಾ? ಲೀಸ್ ಆಗಿದ್ದರೆ ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವ ಹಕ್ಕು ಅದರಲ್ಲಿ ಇದೆಯಾ? ಆಟಗಾರನಿಗೆ ಪೆಟ್ಟಾದರೆ ಯಾರ ವಿಮೆ? ನಾನು ನೋಡಿದ ಜಗಳಗಳಲ್ಲಿ ಬಹಳಷ್ಟು ಕಡೆ ಬರವಣಿಗೆಯಲ್ಲಿ ಏನೂ ಇರಲಿಲ್ಲ. ಹಿಂದಿನ ಇಬ್ಬರು ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ಒಪ್ಪಿದ್ದು. ಅವರಿಬ್ಬರಿಗೂ ಅದು ಸಾಕಾಗಿತ್ತು. ಆಮೇಲೆ ಬಂದವರಿಗೆ ಸಾಕಾಗಲಿಲ್ಲ.

ಆಮೇಲೆ ‘ಚಳಿಗಾಲ, ಬೇಸಿಗೆ’ ಎಂಬ ಮಾತೇ ಬೇಡ, ಗಂಟೆಯಲ್ಲಿ ಮಾತಾಡೋಣ ಅನ್ನಿ. ನೀರು ಚೆನ್ನಾಗಿ ಬಸಿಯದ ಮಾಮೂಲಿ ಹುಲ್ಲಿನ ಮೈದಾನ ವಾರಕ್ಕೆ ಕೆಲವೇ ಗಂಟೆ ಆಟ ತಾಳುತ್ತದೆ. ಕೂತು ಲೆಕ್ಕ ಹಾಕಿಸಿ: ಪಂದ್ಯ ಎಷ್ಟು ಗಂಟೆ, ಪ್ರಾಕ್ಟೀಸ್ ಎಷ್ಟು ಗಂಟೆ. ಮೈದಾನ ಕೆಡಿಸುವುದರಲ್ಲಿ ಪಂದ್ಯಗಳಿಗಿಂತ ಪ್ರಾಕ್ಟೀಸ್ ಮುಂದು. ಅದರಲ್ಲೂ ಫ್ಲಡ್‌ಲೈಟ್ ಚೆನ್ನಾಗಿ ಬೀಳುವ ಒಂದೇ ಮೂಲೆಯಲ್ಲಿ ವಾರಕ್ಕೆ ಎರಡು ದಿನ ಎಲ್ಲರೂ ಸೇರುತ್ತಾರೆ. ಆ ಮೂಲೆ ಯಾವುದು ಅಂತ ಗ್ರೌಂಡ್ಸ್‌ಮನ್‌ಗೆ ಗೊತ್ತಿರುತ್ತದೆ. ದಯವಿಟ್ಟು ಅವರನ್ನು ಸಭೆಗೆ ಕರೆಸಿ. ಸಾಮಾನ್ಯವಾಗಿ ಅವರೊಬ್ಬರನ್ನು ಬಿಟ್ಟು ಎಲ್ಲರೂ ಬಂದಿರುತ್ತಾರೆ.

ಹುಲ್ಲಿನ ವಿಶ್ರಾಂತಿಗೆ ಒಂದು ದಾರಿ ಇದೆ. ಲೀಗ್ ಕ್ಲಬ್ ತನ್ನ ಪಂದ್ಯಪಟ್ಟಿ ಮಾಡುವವರ ಹತ್ತಿರ ಮೊದಲೇ ಕೇಳಿಕೊಂಡರೆ ಮೇ ಮತ್ತು ಜೂನ್ ಮೊದಲ ವಾರಗಳ ಪಂದ್ಯಗಳನ್ನು ಬೇರೆ ಊರಿನಲ್ಲಿ ಇಟ್ಟುಕೊಳ್ಳಬಹುದು. ಮನೆ ಪಂದ್ಯಗಳು ಜುಲೈ, ಆಗಸ್ಟ್‌ಗೆ. ಇದನ್ನು ಪಟ್ಟಿ ತಯಾರಾಗುವ ಮೊದಲು ಕೇಳಬೇಕು. ಏಪ್ರಿಲ್‌ನಲ್ಲಿ ಕೇಳಿದರೆ ಆಗುವುದಿಲ್ಲ. ಎರಡನೇ ಮೈದಾನ ಇದ್ದರೆ ಪ್ರಾಕ್ಟೀಸ್ ಅಲ್ಲಿಗೆ ಹೋಗಲಿ, ಮುಖ್ಯ ಮೈದಾನಕ್ಕೆ ಬೀಜ ಬೀಳಲಿ. ಮರುವರ್ಷ ಅದಲುಬದಲು. ಪ್ಲಾಸ್ಟಿಕ್ ಎಳೆ ಹೊಲಿದ ಮಿಶ್ರ ಹುಲ್ಲು ಹಾಕಿಸೋಣ ಎಂದು ಯಾರಾದರೂ ಹೇಳಬಹುದು. 20 ಸೆಂಟಿಮೀಟರ್ ಆಳಕ್ಕೆ, ಎರಡೆರಡು ಸೆಂಟಿಮೀಟರಿಗೆ ಒಂದೊಂದು ಎಳೆ ಇಳಿಸುವ ಕೆಲಸ ಅದು. ಟಿವಿ ದುಡ್ಡಿರುವ ಕ್ಲಬ್ಬುಗಳಿಗೆ ಸರಿ. ನಿಮ್ಮೂರಿಗೆ ಬೇಡ.

ಬಾರ್ ವಿಷಯವನ್ನು ನಾಚಿಕೆಪಡದೆ ಎತ್ತಿ. ಅಲ್ಲಿನ ಕ್ಲಬ್ಬುಗಳು ಬದುಕುವುದು ಟಿಕೆಟ್‌ನಿಂದಲ್ಲ, ಪಂದ್ಯದ ದಿನ ಕ್ಲಬ್‌ಹೌಸ್‌ನಲ್ಲಿ ಮಾರುವ ಬಿಯರಿನಿಂದ. ಲೀಗ್‌ನ ಪಂದ್ಯಕ್ಕೆ ಬಂದ ಜನ ಕುಡಿದ ದುಡ್ಡು ಪೂರ್ತಿ ಯೂನಿಯನ್ ಕ್ಲಬ್ಬಿಗೆ ಹೋಗುತ್ತಿದ್ದು, ಅದರ ಮೇಲೆ ಬಾಡಿಗೆಯನ್ನೂ ಕೇಳುತ್ತಿದ್ದರೆ ಲೀಗ್‌ನವರ ಸಿಟ್ಟು ನ್ಯಾಯವಾದದ್ದು. ಬಾಡಿಗೆ ಕಡಿಮೆ ಮಾಡಿ ಬಾರ್ ಪೂರ್ತಿ ಇಟ್ಟುಕೊಳ್ಳಲಿ, ಇಲ್ಲ ಬಾಡಿಗೆ ಪೂರ್ತಿ ತೆಗೆದುಕೊಂಡು ಬಾರ್‌ನಲ್ಲಿ ಪಾಲು ಕೊಡಲಿ. ಎರಡೂ ಬೇಕು ಅಂದರೆ ಆಗಲ್ಲ. ಬೀಜ, ಮರಳಿನ ಖರ್ಚಿಗೆ ಅದೇ ದುಡ್ಡಿನಿಂದ ಒಂದು ಪಾಲು ಮೊದಲೇ ತೆಗೆದಿಡಲಿ. ಆಗ ಮೈದಾನ ಹಾಳು ಮಾಡಿದವರು ಯಾರು ಎಂಬ ವಾದಕ್ಕೆ ಕೆಲಸವೇ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ ಇದೆ, ಖರ್ಚಿಲ್ಲದ್ದು. ಗೇಟಿನ ಬೋರ್ಡಿನಲ್ಲಿ ಲೀಗ್ ಕ್ಲಬ್ಬಿನ ಹೆಸರಿದೆಯಾ? ಕ್ಲಬ್‌ಹೌಸ್ ಗೋಡೆಯ ಫೋಟೋಗಳಲ್ಲಿ ಅವರದ್ದೊಂದು ಇದೆಯಾ? ಅವರ ಕಪ್‌ಗಳನ್ನು ಇಡಲು ಕಪಾಟಿನಲ್ಲಿ ಒಂದು ಖಾನೆ? ಇಲ್ಲದಿದ್ದರೆ ಹಾಕಿಸಿ. ಇದಕ್ಕೆ ಯೂನಿಯನ್ ಕಮಿಟಿಯ ಹಿರಿಯರು ಯಾರಾದರೂ ಗೊಣಗಿದರೆ ಆ ಒಂದು ಕಡೆ ಮಾತ್ರ ಇತಿಹಾಸ ನಿಜವಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಅಲ್ಲಿ ಪಟ್ಟು ಹಿಡಿಯಿರಿ.

ಮಗನ ವಿಷಯ. ಹನ್ನೆರಡಕ್ಕೆ ಒಂದನ್ನು ಬಿಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಲೀಗ್ ಆಡಿದ ಹುಡುಗನಿಗೆ ಓಟ, ಟ್ಯಾಕಲ್ ಚೆನ್ನಾಗಿ ಬರುತ್ತದೆ. ಯೂನಿಯನ್ ಆಡಿದವನಿಗೆ ಚೆಂಡಿಗಾಗಿ ನೆಲದ ಮೇಲೆ ಗುದ್ದಾಡುವುದು ಗೊತ್ತಿರುತ್ತದೆ. ಎಚ್ಚರ ಬೇಕಾಗಿರುವುದು ಎರಡೂ ಋತು ಸೇರುವ ವಾರಗಳಲ್ಲಿ. ಒಂದೇ ವಾರಾಂತ್ಯದಲ್ಲಿ ಎರಡು ಪಂದ್ಯ ಬೇಡ, ಯಾವ ಕೋಚ್ ಎಷ್ಟೇ ಕೇಳಿದರೂ. ವರ್ಷದಲ್ಲಿ ಕೆಲವು ವಾರ ಎರಡೂ ಇಲ್ಲದೆ ಇರಲಿ, ಬೇಕಾದರೆ ಕ್ರಿಕೆಟ್ ಆಡಲಿ. ಟ್ಯಾಕಲ್ ಎತ್ತರದ ನಿಯಮ ಎರಡು ಆಟಕ್ಕೂ ಒಂದೇ ಅಲ್ಲ ಎಂಬುದನ್ನೂ ನೋಡಿಕೊಳ್ಳಿ. ಇಂಗ್ಲೆಂಡಿನ ಹವ್ಯಾಸಿ ಯೂನಿಯನ್‌ನಲ್ಲಿ 2023ರಿಂದ ಎದೆಮೂಳೆಯ ಬುಡಕ್ಕಿಂತ ಮೇಲೆ ಟ್ಯಾಕಲ್ ಮಾಡುವಂತಿಲ್ಲ. ಒಂದು ಆಟದಿಂದ ಇನ್ನೊಂದಕ್ಕೆ ಬಂದ ಮೊದಲ ವಾರ ಅವನಿಗೆ ಇದನ್ನು ಮತ್ತೆ ಹೇಳಿಕೊಡಿ ಎಂದು ಎರಡೂ ಕೋಚ್‌ಗಳಿಗೆ ನೀವೇ ತಿಳಿಸಿ. ಅವರಿಬ್ಬರೂ ಪರಸ್ಪರ ಮಾತಾಡಿಕೊಂಡಿರುತ್ತಾರೆ ಎಂದು ಈ ವರ್ಷ ನಂಬಿ ಕೂರಬೇಡಿ.